ಮೂರು ಪಾತಿಗಳ ಪಾಠ: ಬೆಂಗಳೂರಿನ ಗೊಬ್ಬರ, ಬೆಂಗಳೂರಿನ ಟೊಮೆಟೊ

ಕಳೆದ ತಿಂಗಳು ವಿಜಯನಗರದ ಕಲ್ಯಾಣಮಂಟಪವೊಂದರಲ್ಲಿ ಊಟಕ್ಕೆ ಕುಳಿತಿದ್ದಾಗ ಎದುರು ಪಂಕ್ತಿಯಿಂದ ತಲೆ ನರೆತ ಗೃಹಸ್ಥರೊಬ್ಬರು ಎದ್ದುಬಂದು ನಮಸ್ಕರಿಸಿದರು. "ಸಾರ್, ಎಂಬತ್ತಾರನೆಯ ಇಸವಿ, ಹತ್ತನೆಯ ತರಗತಿ, 'ಬಿ' ವಿಭಾಗ. ಶಾಲೆಯ ಹಿಂದಿನ ಟೊಮೆಟೊ ಪಾತಿಗಳು ನೆನಪಿವೆಯೇ? ಯಾವ ಪಾತಿ ಗೆದ್ದಿತೆಂದು ನೀವು ಕೊನೆಗೂ ಹೇಳಲಿಲ್ಲ" ಎಂದರು. ಈಗ ಅವರು ಬಸವೇಶ್ವರನಗರದ ತಮ್ಮ ಮನೆಯ ತಾರಸಿಯಲ್ಲಿ ಟೊಮೆಟೊ ಬೆಳೆಯುತ್ತಾರಂತೆ. ನಾನು ನಕ್ಕು ಬೇರೆ ಮಾತಿಗೆ ತಿರುಗಿದೆ. ಆದರೆ ಮನೆಗೆ ಬಂದ ಮೇಲೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಉತ್ತರವನ್ನು ನಾನು ಮರೆತಿರಲಿಲ್ಲ. ಅಂದು ಅರ್ಧ ಪಾಠವನ್ನಷ್ಟೇ ಮಾಡಿದ್ದೆ. ಉಳಿದರ್ಧವನ್ನು ಬರೆಯಹೊರಟರೆ ಅದು ನಮ್ಮ ಊರಿನ ಚರಿತ್ರೆಯೇ ಆಗಿಬಿಡುತ್ತದೆ ಎಂಬುದು ಈಗ ತಿಳಿಯುತ್ತಿದೆ.

ನೆನಪಿಲ್ಲದವರಿಗಾಗಿ ಮೊದಲು ಆ ಪ್ರಯೋಗವನ್ನು ಹೇಳುತ್ತೇನೆ. ಶಾಲೆಯ ಹಿಂಭಾಗದಲ್ಲಿ ಒಂದೇ ಅಳತೆಯ ಮೂರು ಪಾತಿಗಳನ್ನು ಮಾಡಿಸಿದ್ದೆ. ಮೊದಲನೆಯದಕ್ಕೆ ಏನನ್ನೂ ಹಾಕಲಿಲ್ಲ. ಎರಡನೆಯದಕ್ಕೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನು ಮಂಕರಿಗಳಲ್ಲಿ ತಂದು ಸುರಿಸಿದೆ. ಮೂರನೆಯದಕ್ಕೆ ಯೂರಿಯಾ. ತಿಂಗಳೊಳಗೆ ಮೂರನೆಯ ಪಾತಿಯ ಗಿಡಗಳು ಕಡುಹಸಿರಾಗಿ, ಎದೆಯೆತ್ತರ ಬೆಳೆದು ನಿಂತವು. ವಿದ್ಯಾರ್ಥಿಗಳಿಗೆ ಹಿಗ್ಗು, ನನಗೂ ಹಿಗ್ಗು. "ಸಾರ್, ಹಾಗಾದರೆ ಸಗಣಿ ಗೊಬ್ಬರ ಬೇಕಿಲ್ಲವೇ?" ಎಂದು ಒಬ್ಬ ಕೇಳಿದಾಗ, "ಸಾರಜನಕ ಎಲ್ಲಿಂದ ಬಂದರೂ ಸಾರಜನಕವೇ. ಗಿಡಕ್ಕೆ ಭೇದ ತಿಳಿಯದು. ಸಗಣಿ ಹಳೆಯ ಕಾಲದ ದಾರಿ, ಚೀಲ ಹೊಸ ಕಾಲದ ದಾರಿ" ಎಂದು ಬಹಳ ವಿಶ್ವಾಸದಿಂದ ಉತ್ತರಿಸಿದ್ದೆ. ಆಮೇಲೆ ಹೂ ಬಿಡುವ ಕಾಲ ಬಂದಿತು. ಯೂರಿಯಾದ ಪಾತಿಯಲ್ಲಿ ಸೊಪ್ಪು ಬೆಳೆಯುತ್ತಲೇ ಇತ್ತು, ಹೂವುಗಳು ಉದುರುತ್ತಿದ್ದವು, ಕಚ್ಚಿದ ಕಾಯಿಗಳು ಕೆಲವೇ. ಗೊಬ್ಬರದ ಪಾತಿ ತಡವಾಗಿ ಎದ್ದರೂ ಬಹಳ ದಿನ ಹಣ್ಣು ಕೊಟ್ಟಿತು. ಕೆಂಗೇರಿಯ ಕಡೆಯಿಂದ ಬರುತ್ತಿದ್ದ ನಮ್ಮ ಮಾಲಿ, ತಲೆಮಾರುಗಳಿಂದ ತೋಟಗಾರಿಕೆಯನ್ನೇ ನಂಬಿದ್ದ ತಿಗಳ ಮನೆತನದವರು, ಪಾತಿಯ ಬದಿಯಲ್ಲಿ ನಿಂತು ಒಂದೇ ಮಾತು ಹೇಳಿದರು: "ಮೇಷ್ಟ್ರೇ, ನೀವು ಸೊಪ್ಪು ಬೆಳೆದಿದ್ದೀರಿ." ಅಷ್ಟರಲ್ಲಿ ಪರೀಕ್ಷೆ ಬಂದಿತು, ಪಾಠ ಅಲ್ಲಿಗೇ ನಿಂತಿತು.

ಆ ಮಾಲಿಯ ಹಿರಿಯರು ಏನನ್ನು ಹಾಕಿ ತರಕಾರಿ ಬೆಳೆಯುತ್ತಿದ್ದರು? ಇಂದು ನಾವು ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ ಎಂದು ಕರೆಯುವ ಬಡಾವಣೆಗಳು ಮೊನ್ನೆಮೊನ್ನೆಯವರೆಗೆ ಕೇತಮಾರನಹಳ್ಳಿ, ಹೊಸಹಳ್ಳಿ, ಮಾರೇನಹಳ್ಳಿ, ಸಾಣೆಗುರುವನಹಳ್ಳಿ ಮುಂತಾದ ಹಳ್ಳಿಗಳ ಹೊಲ ತೋಟಗಳು. ಇಲ್ಲಿಯ ಕೆಮ್ಮಣ್ಣಿಗೆ ಹುಟ್ಟಿನಿಂದಲೇ ಸಾವಯವ ಅಂಶ ಕಡಿಮೆ; ನೀರನ್ನು ಹಿಡಿದಿಡುವ ಶಕ್ತಿಯೂ ಕಡಿಮೆ. ಅದನ್ನು ರೈತರು ನಾಲ್ಕಾರು ಬಗೆಯಲ್ಲಿ ಸರಿದೂಗಿಸುತ್ತಿದ್ದರು. ಬೇಸಗೆಯಲ್ಲಿ ಕೆರೆಯ ಗೋಡುಮಣ್ಣನ್ನು ಗಾಡಿಗಳಲ್ಲಿ ಹೊಲಕ್ಕೆ ಹೊಡೆಯುವುದು, ರಾತ್ರಿ ಹೊಲದಲ್ಲಿ ಕುರಿಮಂದೆ ನಿಲ್ಲಿಸುವುದು, ಹೊಂಗೆಯ ಸೊಪ್ಪನ್ನು ತುಳಿಯುವುದು, ಹೊಂಗೆ ಹಿಂಡಿ ಹಾಕುವುದು, ವರ್ಷವಿಡೀ ತಿಪ್ಪೆಯಲ್ಲಿ ಕಳಿತ ಗೊಬ್ಬರವನ್ನು ಮುಂಗಾರಿಗೆ ಮುನ್ನ ಹರಡುವುದು. ಇವೆಲ್ಲಕ್ಕಿಂತ ಪೇಟೆಗೆ ಸಮೀಪದ ರೈತರಿಗಿದ್ದ ವಿಶೇಷ ಸೌಕರ್ಯವೆಂದರೆ ಪೇಟೆಯ ಕಸ. ಟಿಪ್ಪು ಸುಲ್ತಾನನ ಪತನದ ಮರುವರ್ಷ, ಅಂದರೆ 1800ರಲ್ಲಿ, ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಇದನ್ನು ಗುರುತಿಸಿದ್ದಾನೆ. ಬೆಂಗಳೂರಿಗೆ ಹತ್ತಿರದ ರೈತರು ಎತ್ತುಗಳ ಮೇಲೆ ಗೋಣಿಗಳನ್ನು ಹೇರಿ ಕಳುಹಿಸಿ, ಪಟ್ಟಣದ ಜಾಡಮಾಲಿಗಳಿಂದ ಬೂದಿ, ಕಸ, ಹೊಲಸನ್ನು ಪಡೆದು ಹೊಲಕ್ಕೆ ಸಾಗಿಸುತ್ತಿದ್ದರು. ಊರು ಉಂಡದ್ದು ಹೊಲಕ್ಕೆ, ಹೊಲ ಬೆಳೆದದ್ದು ಊರಿಗೆ. ಇನ್ನೂರು ವರ್ಷಗಳ ಹಿಂದೆ ಬೆಂಗಳೂರು ತಿರುಗುತ್ತಿದ್ದ ಚಕ್ರವಿದು.

ಈ ಚಕ್ರಕ್ಕೆ ಟೊಮೆಟೊ ಸೇರಿದ್ದು ತಡವಾಗಿ. ದಕ್ಷಿಣ ಅಮೆರಿಕದಲ್ಲಿ ಹುಟ್ಟಿ, ಹದಿನಾರನೆಯ ಶತಮಾನದಲ್ಲಿ ಸ್ಪೇನ್ ದೇಶದವರ ಮೂಲಕ ಯೂರೋಪನ್ನು ಸೇರಿ, ಪೋರ್ಚುಗೀಸರ ಹಡಗಿನಲ್ಲಿ ನಮ್ಮ ಕರಾವಳಿಗೆ ಬಂದದ್ದೆಂದು ಸಾಮಾನ್ಯವಾಗಿ ಹೇಳುವ ಈ ಹಣ್ಣಿಗೆ 'ಚಪ್ಪರಬದನೆ' ಎಂಬ ಹೆಸರೂ ಕನ್ನಡದಲ್ಲಿತ್ತು. ದಂಡುಪ್ರದೇಶದ ಆಂಗ್ಲರ ಅಡುಗೆಮನೆಗಳು ಇಂತಹ ವಿದೇಶಿ ತರಕಾರಿಗಳಿಗೆ ಗಿರಾಕಿಗಳಾಗಿದ್ದವು. ನಮ್ಮ ಮನೆಗಳಲ್ಲಿ ಬಹುಕಾಲ ಹುಣಿಸೆಹಣ್ಣಿನದೇ ಆಳ್ವಿಕೆ. ಶ್ರಾದ್ಧದ ಅಡುಗೆಗೆ ಟೊಮೆಟೊ ಇಂದಿಗೂ ಅನೇಕ ಮನೆಗಳಲ್ಲಿ ನಿಷಿದ್ಧ. ಹೀಗೆ ಹಿತ್ತಿಲ ಬಾಗಿಲಿನಿಂದ ಬಂದ ಹಣ್ಣು ಇಂದು ಸಾರಿನ ಯಜಮಾನನಾಗಿದೆ. 2023ರ ಜುಲೈಯಲ್ಲಿ ಅದರ ಬೆಲೆ ಕಿಲೋಗೆ ನೂರು ರೂಪಾಯಿ ದಾಟಿದಾಗ ನಾವೆಲ್ಲರೂ ಪಟ್ಟ ಪಾಡನ್ನು ನೆನೆದರೆ ಸಾಕು.

ಗೊಬ್ಬರದ ವಿಷಯಕ್ಕೆ ಮರಳೋಣ. 1840ರಲ್ಲಿ ಜರ್ಮನಿಯ ಲೀಬಿಗ್ ಎಂಬ ರಸಾಯನಶಾಸ್ತ್ರಜ್ಞ, ಗಿಡ ತಿನ್ನುವುದು ಸಗಣಿಯನ್ನಲ್ಲ, ಅದರೊಳಗಿನ ಖನಿಜಾಂಶಗಳನ್ನು ಎಂದು ಪ್ರತಿಪಾದಿಸಿದ. 1843ರಲ್ಲಿ ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಲ್ಲಿ ಲಾಸ್ ಮತ್ತು ಗಿಲ್ಬರ್ಟ್ ಎಂಬಿಬ್ಬರು ಗೋಧಿಯ ಹೊಲವನ್ನು ಪಟ್ಟಿಗಳಾಗಿ ಸೀಳಿ ಒಂದಕ್ಕೆ ಏನೂ ಇಲ್ಲದೆ, ಒಂದಕ್ಕೆ ಕೊಟ್ಟಿಗೆ ಗೊಬ್ಬರ, ಉಳಿದವಕ್ಕೆ ಬಗೆಬಗೆಯ ಲವಣಗಳನ್ನು ಹಾಕಿ ಪರೀಕ್ಷೆಗೆ ತೊಡಗಿದರು. ನನ್ನ ಮೂರು ಪಾತಿಗಳ ಮುತ್ತಜ್ಜ ಅದೇ. ಆ ಪ್ರಯೋಗ ಇಂದಿಗೂ ನಡೆಯುತ್ತಿದೆ. ಅಲ್ಲಿ ಕಂಡ ಫಲ ಕುತೂಹಲಕರ: ಸರಿಯಾದ ಪ್ರಮಾಣದಲ್ಲಿ ಲವಣಗಳನ್ನು ಕೊಟ್ಟ ಪಟ್ಟಿಯ ಇಳುವರಿ ಕೊಟ್ಟಿಗೆ ಗೊಬ್ಬರದ ಪಟ್ಟಿಗೆ ಸರಿಸಾಟಿಯಾಗಿ ನಿಂತಿತು. ಆದರೆ ಮಣ್ಣನ್ನು ಅಳೆದಾಗ, ಗೊಬ್ಬರದ ಪಟ್ಟಿಯಲ್ಲಿ ಸಾವಯವ ಇಂಗಾಲ ಬರಿಯ ಪಟ್ಟಿಗಿಂತ ಎರಡು ಪಟ್ಟಿಗೂ ಮಿಗಿಲಾಗಿತ್ತು. ಗಿಡಕ್ಕೆ ತಿಳಿಯದ ಭೇದ ಮಣ್ಣಿಗೆ ತಿಳಿದಿತ್ತು.

ಈ ವಿಜ್ಞಾನ ನಮ್ಮೂರಿಗೂ ಬೇಗನೆ ಬಂದಿತು. 1899ರಲ್ಲಿ ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರು ಹೆಬ್ಬಾಳದಲ್ಲಿ ಮೂವತ್ತು ಎಕರೆ ಭೂಮಿಯನ್ನು ಕೃಷಿ ಪ್ರಯೋಗಕ್ಕೆಂದು ನೀಡಿದರು. ಅಲ್ಲಿ ಡಾ. ಲೆಹ್ಮನ್ ಎಂಬ ರಸಾಯನಶಾಸ್ತ್ರಜ್ಞರು ಮಣ್ಣು ಮತ್ತು ಬೆಳೆಗಳ ಸಂಬಂಧವನ್ನು ಪರೀಕ್ಷಿಸತೊಡಗಿದರು. ಮುಂದೆ ಕೋಲ್ಮನ್ ಅವರ ಕಾಲದಲ್ಲಿ ಕೃಷಿ ಶಾಲೆ, 1946ರಲ್ಲಿ ಕೃಷಿ ಕಾಲೇಜು, 1960ರ ದಶಕದಲ್ಲಿ ಕೃಷಿ ವಿಶ್ವವಿದ್ಯಾನಿಲಯ, ಎಲ್ಲವೂ ಅದೇ ಬೇರಿನಿಂದ ಚಿಗುರಿದವು.

ಆದರೆ ನಾನು ಇಂದು ಮುಖ್ಯವಾಗಿ ಹೇಳಬೇಕೆಂದಿರುವುದು ಮತ್ತೊಂದು ಸಂಸ್ಥೆಯಲ್ಲಿ ನಡೆದ ಕೆಲಸ. ನಾವೆಲ್ಲರೂ 'ಟಾಟಾ ಇನ್‌ಸ್ಟಿಟ್ಯೂಟ್' ಎಂದು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆ ಎಂದರೆ ವಿಮಾನ, ಪರಮಾಣು ಎಂದಷ್ಟೇ ತಿಳಿದಿದ್ದೇವೆ. ಕೊಳಚೆ ನೀರನ್ನು ಶುದ್ಧಿಗೊಳಿಸುವ ಆಧುನಿಕ ವಿಧಾನದ ಮೂಲಪುರುಷರಲ್ಲಿ ಒಬ್ಬರಾದ ಗಿಲ್ಬರ್ಟ್ ಫೌಲರ್, ಮೊದಲನೆಯ ಮಹಾಯುದ್ಧದ ವೇಳೆಗೆ ಮ್ಯಾಂಚೆಸ್ಟರಿನಿಂದ ಬಂದು ಅಲ್ಲಿ ಪ್ರಾಧ್ಯಾಪಕರಾಗಿದ್ದರು. ಅದೇ ಸಂಸ್ಥೆಯಲ್ಲಿ 1939ರಲ್ಲಿ ಡಾ. ಸಿ. ಎನ್. ಆಚಾರ್ಯ ಅವರು ಪಟ್ಟಣದ ಕಸವನ್ನು ಗೊಬ್ಬರವಾಗಿಸುವ ಒಂದು ಕ್ರಮವನ್ನು ರೂಪಿಸಿದರು. ಜಗತ್ತಿನ ಪುಸ್ತಕಗಳಲ್ಲಿ ಅದಕ್ಕೆ 'ಬೆಂಗಳೂರು ವಿಧಾನ' ಎಂದೇ ಹೆಸರು. ಆಲ್ಬರ್ಟ್ ಹಾವರ್ಡ್ ಅವರು ಇಂದೂರಿನಲ್ಲಿ ರೂಪಿಸಿದ್ದ ವಿಧಾನದಲ್ಲಿ ರಾಶಿಯನ್ನು ಮೇಲಿಂದ ಮೇಲೆ ಮಗುಚಬೇಕು, ನೀರು ಚಿಮುಕಿಸಬೇಕು, ಆಳುಕಾಳು ಹೆಚ್ಚು. ಆಚಾರ್ಯರ ಕ್ರಮ ಸರಳ. ಸುಮಾರು ಒಂದು ಮೀಟರ್ ಆಳದ ಕಂದಕ ತೋಡುವುದು. ಒಂದು ಪದರ ಊರಕಸ, ಅದರ ಮೇಲೆ ತೆಳುವಾಗಿ ಮಲದ ಪದರ, ಮತ್ತೆ ಕಸ, ಹೀಗೆ ನೆಲಮಟ್ಟಕ್ಕಿಂತ ಒಂದಡಿ ಮೇಲೇರುವವರೆಗೆ ತುಂಬಿ ಮಣ್ಣಿನಿಂದ ಮೆತ್ತಿಬಿಡುವುದು. ಮೊದಲ ಕೆಲವು ದಿನಗಳಲ್ಲಿ ಒಳಗೆ ಕಾವು ಏರಿ ರೋಗಾಣುಗಳೂ ನೊಣದ ಮರಿಗಳೂ ನಾಶವಾಗುತ್ತವೆ. ಬಳಿಕ ಗಾಳಿಯಾಡದೆ ನಿಧಾನವಾಗಿ ಕಳಿತು, ಆರೆಂಟು ತಿಂಗಳಲ್ಲಿ ವಾಸನೆಯಿಲ್ಲದ ಕಪ್ಪು ಗೊಬ್ಬರ ಸಿದ್ಧ. 1940ರ ದಶಕದ 'ಹೆಚ್ಚು ಆಹಾರ ಬೆಳೆಯಿರಿ' ಆಂದೋಲನದ ಕಾಲದಲ್ಲಿ ದೇಶದ ಅನೇಕ ಪುರಸಭೆಗಳು ಈ ವಿಧಾನವನ್ನು ಅನುಸರಿಸಿದವು. ಬುಕಾನನ್ ಕಂಡ ಹಳೆಯ ಚಕ್ರಕ್ಕೆ ವಿಜ್ಞಾನ ಕೀಲೆಣ್ಣೆ ಹಾಕಿತೆಂದು ಹೇಳಬಹುದು.

ಇಲ್ಲಿ ಒಂದು ಮಾತನ್ನು ಮುಚ್ಚಿಟ್ಟರೆ ನಾನು ಮೇಷ್ಟ್ರಾಗಿದ್ದಕ್ಕೆ ಅರ್ಥವಿಲ್ಲ. ಆ ಕಂದಕದವರೆಗೆ ಮಲವನ್ನು ತಂದವರು ಯಾರು? ತಲೆಯ ಮೇಲೆ ಬಕೆಟ್ಟು ಹೊತ್ತ ಮನುಷ್ಯರು. ಅವರ ಜಾತಿ ಯಾವುದೆಂದು ಹೇಳಬೇಕಾಗಿಲ್ಲ. ಹಳೆಯ ಬೆಂಗಳೂರಿನ ಹೊಲಗಳ ಫಲವತ್ತತೆಯನ್ನು ಹೊಗಳುವಾಗ ನಾವು ಈ ಬಕೆಟ್ಟನ್ನು ಮರೆಯುತ್ತೇವೆ. ದೇವರಾಜ ಅರಸು ಅವರ ಕಾಲದಲ್ಲಿ, 1970ರ ದಶಕದಲ್ಲಿ, ಸಚಿವ ಬಿ. ಬಸವಲಿಂಗಪ್ಪನವರು ಕರ್ನಾಟಕದಲ್ಲಿ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ಕೇಂದ್ರದ ಶಾಸನ ಬಂದದ್ದು 1993ರಲ್ಲಿ. ಒಳಚರಂಡಿಯ ಕೊಳವೆಗಳು ಬಂದದ್ದು ಆ ಜನರ ಪಾಲಿಗೆ ಬಿಡುಗಡೆಯ ದಾರಿ. ಆದ್ದರಿಂದ ಹಳೆಯ ಚಕ್ರ ಹಾಗೆಯೇ ಮರಳಿ ಬರಲಿ ಎಂದು ನಾನು ಹೇಳಲಾರೆ. ಆದರೆ ಕೊಳವೆಯು ಆ ಸಾರವನ್ನೆಲ್ಲ ಎಲ್ಲಿಗೆ ಒಯ್ದಿತು ಎಂದು ಕೇಳಲೇಬೇಕು. ಪಶ್ಚಿಮ ಬೆಂಗಳೂರಿನವರಾದ ನಮಗೆ ಉತ್ತರ ಗೊತ್ತಿದೆ: ವೃಷಭಾವತಿಗೆ. ಆ ಮಾತಿಗೆ ಆಮೇಲೆ ಬರುತ್ತೇನೆ.

ಕಂದಕದಿಂದ ಗೊಬ್ಬರ ಕಡಿಮೆಯಾಗುತ್ತಿದ್ದ ಕಾಲದಲ್ಲೇ ಚೀಲ ಬಂದಿತು. ಗಾಳಿಯಲ್ಲಿನ ಸಾರಜನಕವನ್ನು ಅಮೋನಿಯವಾಗಿ ಹಿಡಿಯುವ ವಿದ್ಯೆಯನ್ನು ಜರ್ಮನಿಯ ಹೇಬರ್ ಸಾಧಿಸಿ, ಬಾಷ್ ಅದನ್ನು 1913ರಲ್ಲಿ ಕಾರ್ಖಾನೆಗೆ ತಂದರು. ಮೈಸೂರು ಸಂಸ್ಥಾನ ಇದರಲ್ಲಿಯೂ ಹಿಂದೆ ಬೀಳಲಿಲ್ಲ. 1930ರ ದಶಕದ ಕೊನೆಗೆ ಮೈಸೂರಿನ ಬಳಿಯ ಬೆಳಗೊಳದಲ್ಲಿ ರಸಗೊಬ್ಬರದ ಕಾರ್ಖಾನೆ ಸ್ಥಾಪನೆಯಾಯಿತು. 1976ರಲ್ಲಿ ಮಂಗಳೂರಿನ ಪಣಂಬೂರಿನಲ್ಲಿ ಯೂರಿಯಾ ತಯಾರಾಗತೊಡಗಿತು. ಹಳ್ಳಿಗರು ಇದನ್ನು 'ಸರ್ಕಾರಿ ಗೊಬ್ಬರ' ಎಂದರು.

ರೈತ ಚೀಲಕ್ಕೆ ಏಕೆ ಒಲಿದನೆಂಬುದನ್ನು ಒಂದು ಸರಳ ಲೆಕ್ಕದಿಂದ ತಿಳಿಯಬಹುದು. ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ಸುಮಾರು ಶೇಕಡ 0.5, ಯೂರಿಯಾದಲ್ಲಿ ಶೇಕಡ 46. ಹತ್ತು ಟನ್ ಗೊಬ್ಬರದಲ್ಲಿ 50 ಕಿಲೋ ಸಾರಜನಕ. ಎತ್ತಿನ ಗಾಡಿಗೆ ಅರ್ಧ ಟನ್ ಎಂದರೂ ಇಪ್ಪತ್ತು ಗಾಡಿ. ಅಷ್ಟೇ ಸಾರಜನಕ ಇಂದಿನ 45 ಕಿಲೋ ಚೀಲದ ಲೆಕ್ಕದಲ್ಲಿ ಎರಡೂವರೆ ಚೀಲ ಯೂರಿಯಾದಲ್ಲಿದೆ. ಅದೂ ಅಲ್ಲದೆ ಗೊಬ್ಬರದ ಸಾರಜನಕದಲ್ಲಿ ಮೊದಲ ಬೆಳೆಗೆ ದಕ್ಕುವುದು ಸುಮಾರು ಮೂರನೆಯ ಒಂದು ಭಾಗ ಮಾತ್ರ. ಉಳಿದದ್ದು ನಿಧಾನವಾಗಿ ಬಿಡುಗಡೆಯಾಗುತ್ತದೆ. ಇಪ್ಪತ್ತು ಗಾಡಿಯ ಬೆವರಿಗೂ ಸೈಕಲ್ಲಿನ ಮೇಲೆ ಬರುವ ಚೀಲಕ್ಕೂ ಇರುವ ಅಂತರವನ್ನು ಕಂಡ ರೈತನನ್ನು ದೂರುವುದು ಹೊಟ್ಟೆ ತುಂಬಿದವರ ಮಾತು.

ಜೊತೆಗೆ ತಳಿಯೂ ಬದಲಾಯಿತು. ಮನಮೋಹನ ಅತ್ತಾವರ ಅವರು 1965ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಇಂಡೋ ಅಮೆರಿಕನ್ ಹೈಬ್ರಿಡ್ ಸೀಡ್ಸ್ ಸಂಸ್ಥೆ 1973ರಲ್ಲಿ 'ಕರ್ನಾಟಕ' ಎಂಬ ಹೆಸರಿನ ಸಂಕರಣ ಟೊಮೆಟೊ ತಳಿಯನ್ನು ಹೊರತಂದಿತು. ನಮ್ಮ ಕೆಂಗೇರಿಯಿಂದ ಬನಶಂಕರಿಗೆ ಹೋಗುವ ದಾರಿಯಲ್ಲಿ, ಚನ್ನಸಂದ್ರದಲ್ಲಿ ಈ ಸಂಸ್ಥೆಯ ನೆಲೆಯಿದೆ. ಭಾರತದ ಸಂಕರಣ ತರಕಾರಿ ಬೀಜದ ಚರಿತ್ರೆಯ ಮೊದಲ ಪುಟಗಳು ನಮ್ಮ ಪಕ್ಕದಲ್ಲೇ ಬರೆಯಲ್ಪಟ್ಟವು. ಅತ್ತ ಹೆಸರಘಟ್ಟದಲ್ಲಿ, 1967ರಲ್ಲಿ ಸ್ಥಾಪಿತವಾದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಅರ್ಕಾ ಸರಣಿಯ ತಳಿಗಳನ್ನು ನೀಡಿತು. ಅರ್ಕಾ ವಿಕಾಸ್ ಹೆಕ್ಟೇರಿಗೆ 35ರಿಂದ 40 ಟನ್ ಕೊಡುವ ತಳಿ. 2010ರ ದಶಕದ ಆರಂಭದಲ್ಲಿ ಬಂದ, ಎಲೆಮುದುರು, ದುಂಡಾಣು ಸೊರಗು ಮತ್ತು ಅಂಗಮಾರಿ ಮೂರನ್ನೂ ತಡೆಯುವ ಅರ್ಕಾ ರಕ್ಷಕ್ 75ರಿಂದ 80 ಟನ್ ಕೊಡಬಲ್ಲ ಸಂಕರಣ. ಹೀಗೆ ಎರಡರಷ್ಟು ಹೊರುವ ಗಿಡ ಎರಡರಷ್ಟು ಉಣ್ಣದೆ ಇರುತ್ತದೆಯೇ? ಕಳಿತ ಗೊಬ್ಬರ ಮಾತ್ರದಿಂದ ಅದರ ಹಸಿವು ಹಿಂಗುವುದು ಕಷ್ಟ.

ಹಾಗಾದರೆ ನನ್ನ ಮೂರನೆಯ ಪಾತಿ ಸೋತದ್ದೇಕೆ? ತಪ್ಪು ಯೂರಿಯಾದ್ದಲ್ಲ, ನನ್ನದು. ಗೊಬ್ಬರದ ಪಾತಿಗೆ ಸಾರಜನಕದ ಜೊತೆಗೆ ರಂಜಕ, ಪೊಟ್ಯಾಷ್, ಸುಣ್ಣಾಂಶ, ಸೂಕ್ಷ್ಮ ಪೋಷಕಗಳೆಲ್ಲ ಸೇರಿದ್ದವು. ಮೂರನೆಯದಕ್ಕೆ ನಾನು ಬರಿಯ ಸಾರಜನಕವನ್ನು, ಅದೂ ಮಿತಿಮೀರಿ, ಕೊಟ್ಟಿದ್ದೆ. ಸಾರಜನಕ ಎಲೆ ಕಾಂಡಗಳನ್ನು ಬೆಳೆಸುತ್ತದೆ. ಹೆಚ್ಚಾದರೆ ಗಿಡ ಹೂ ಕಾಯಿಯನ್ನು ಮರೆತು ಸೊಪ್ಪಿನಲ್ಲೇ ಮೈಮರೆಯುತ್ತದೆ, ರೋಗಕ್ಕೂ ಕೀಟಕ್ಕೂ ಮೆತ್ತಗಾಗುತ್ತದೆ. ಬೇರಿಗೆ ರಂಜಕ ಬೇಕು. ನಮ್ಮ ಕೆಮ್ಮಣ್ಣಿನ ಕಬ್ಬಿಣದ ಅಂಶ ಅದನ್ನು ಹಿಡಿದಿಟ್ಟು ಗಿಡಕ್ಕೆ ಸುಲಭವಾಗಿ ಬಿಡುವುದಿಲ್ಲ. ಹಣ್ಣಿನ ಬಣ್ಣಕ್ಕೂ ಗಟ್ಟಿತನಕ್ಕೂ ಪೊಟ್ಯಾಷ್ ಬೇಕು. ಸುಣ್ಣಾಂಶ ಕಾಯಿಗೆ ತಲುಪದಿದ್ದರೆ, ಅಥವಾ ನೀರು ಒಮ್ಮೆ ಹೆಚ್ಚು ಒಮ್ಮೆ ಕಡಿಮೆಯಾದರೆ, ಕಾಯಿಯ ತಳ ಕಪ್ಪಾಗಿ ಕೊಳೆಯುತ್ತದೆ. ತಾರಸಿಯಲ್ಲಿ ಬೆಳೆಯುವ ನನ್ನ ವಿದ್ಯಾರ್ಥಿಗಳು ಇದನ್ನು ಖಂಡಿತ ಕಂಡಿರುತ್ತೀರಿ.

ನನ್ನ ಈ ತಪ್ಪನ್ನು ದೇಶವೂ ದೊಡ್ಡ ಪ್ರಮಾಣದಲ್ಲಿ ಮಾಡಿತು. 1992ರಲ್ಲಿ ರಂಜಕ ಮತ್ತು ಪೊಟ್ಯಾಷ್ ಗೊಬ್ಬರಗಳ ಬೆಲೆಯ ಮೇಲಿನ ನಿಯಂತ್ರಣವನ್ನು ತೆಗೆದು, ಯೂರಿಯಾದ ಬೆಲೆಯನ್ನು ಮಾತ್ರ ಹಿಡಿದಿಡಲಾಯಿತು. ಅಗ್ಗವಾದದ್ದನ್ನು ಹೆಚ್ಚು ಸುರಿಯುವುದು ಮನುಷ್ಯಸ್ವಭಾವ. ಇತ್ತ ಟ್ರ್ಯಾಕ್ಟರು ಬಂದು ಎತ್ತು ಹೋಯಿತು. ಎತ್ತು ಹೋದ ಮೇಲೆ ತಿಪ್ಪೆಯೂ ಬರಿದಾಯಿತು. ಸಾವಯವ ಅಂಶ ಕುಗ್ಗಿದ ಮಣ್ಣು ಮಳೆ ಬಿದ್ದರೆ ಹೆಪ್ಪುಗಟ್ಟುತ್ತದೆ, ನೀರನ್ನು ಹಿಡಿಯುವುದಿಲ್ಲ, ಹಾಕಿದ ಗೊಬ್ಬರವನ್ನೂ ಹಿಡಿಯುವುದಿಲ್ಲ.

ಈಗ ವೃಷಭಾವತಿ. ಮಲ್ಲೇಶ್ವರ, ಬಸವನಗುಡಿಗಳ ಕಡೆಯಿಂದ ಇಳಿದು, ಗಾಳಿ ಆಂಜನೇಯನ ಗುಡಿಯ ಮಗ್ಗುಲಲ್ಲಿ ಹಾದು, ನಾಯಂಡಹಳ್ಳಿ, ಕೆಂಗೇರಿಗಳ ಮೂಲಕ ಬಿಡದಿಯ ಬಳಿಯ ಭೈರಮಂಗಲದ ಜಲಾಶಯವನ್ನು ಸೇರುವ ಈ ಹೊಳೆ ನಮ್ಮ ಬಡಾವಣೆಗಳ ಕೊಳಚೆಗೆಲ್ಲ ದಾರಿಯಾಯಿತು. 1970ರ ದಶಕದಲ್ಲೇ ಮೈಸೂರು ರಸ್ತೆಯ ಬದಿಯಲ್ಲಿ ಶುದ್ಧೀಕರಣ ಘಟಕ ಬಂದರೂ ಊರು ಅದಕ್ಕಿಂತ ಬೇಗ ಬೆಳೆಯಿತು. ಕೊಳಚೆಯಲ್ಲಿ ಸಾರಜನಕವೂ ಇದೆ, ರಂಜಕವೂ ಇದೆ. ಭೈರಮಂಗಲದ ಕೆಳಗಿನ ರೈತನಿಗೆ ಒಂದರ್ಥದಲ್ಲಿ ಗೊಬ್ಬರ ಪುಕ್ಕಟೆಯಾಗಿ ಕಾಲುವೆಯಲ್ಲಿ ಹರಿದು ಬಂದಿತು. ಆದರೆ ಬೇಕಾದಾಗ, ಬೇಕಾದಷ್ಟೇ ಕೊಡಲು ಅದು ಚೀಲವಲ್ಲ. ಕಳಿತು ಹದವಾಗಲು ಅದು ತಿಪ್ಪೆಯೂ ಅಲ್ಲ. ಪೀಣ್ಯದಂತಹ ಕಡೆಗಳ ಕಾರ್ಖಾನೆಗಳ ಭಾರಲೋಹಗಳೂ ಅದರೊಡನೆ ಬೆರೆತವು. ಅಲ್ಲಿಯ ಅನೇಕ ರೈತರು ಹಳೆಯ ಬೆಳೆಗಳನ್ನು ಬಿಟ್ಟು ಬೇಬಿಕಾರ್ನ್, ಮೇವಿನ ಹುಲ್ಲುಗಳಿಗೆ ತಿರುಗಿದರು. ನನ್ನ ಮೂರನೆಯ ಪಾತಿಯನ್ನು ಒಂದು ಇಡೀ ಕಣಿವೆಗೆ ವಿಸ್ತರಿಸಿದಂತಾಯಿತು.

ಒಣಕಸದ ಕಥೆಯೂ ಇದಕ್ಕಿಂತ ಬೇರೆಯಲ್ಲ. 1975ರಲ್ಲಿ ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮವೇ ಬೆಂಗಳೂರಿನಲ್ಲಿ ಸ್ಥಾಪನೆಯಾಯಿತು. ಆಚಾರ್ಯರು ಕಂಡ ಊರಕಸದಲ್ಲಿ ಬೂದಿ, ಎಲೆ, ಸಿಪ್ಪೆ ಇದ್ದವು. ನಮ್ಮ ಕಸದಲ್ಲಿ ಪ್ಲಾಸ್ಟಿಕ್, ಗಾಜು, ಬ್ಯಾಟರಿಗಳಿವೆ. ಅಂತಹ ಗೊಬ್ಬರವನ್ನು ಯಾವ ರೈತ ಹೊಲಕ್ಕೆ ಬಿಟ್ಟುಕೊಂಡಾನು? ಕಸ ಮಾವಳ್ಳಿಪುರ, ಮಂಡೂರುಗಳಲ್ಲಿ ಬೆಟ್ಟವಾಗಿ ಬೆಳೆಯಿತು. ಅಲ್ಲಿಯ ಜನ ತಿರುಗಿಬಿದ್ದ ಮೇಲೆ 2012ರಲ್ಲಿ ಮನೆಯಲ್ಲೇ ಕಸ ವಿಂಗಡಿಸಬೇಕೆಂಬ ನಿಯಮ ಬಂದಿತು. ಆಮೇಲೆ ಮಾಗಡಿ ರಸ್ತೆಯ ಕನ್ನಹಳ್ಳಿ, ಸೀಗೇಹಳ್ಳಿಗಳಲ್ಲಿ ಗೊಬ್ಬರದ ಘಟಕಗಳು ಬಂದಾಗ ಸುತ್ತಲಿನವರು ದುರ್ವಾಸನೆಯೆಂದು ಪ್ರತಿಭಟಿಸಿದರು. ಅವರ ಕಷ್ಟ ನಿಜವಾದದ್ದೇ. ಬೆಂಗಳೂರು ವಿಧಾನವೆಂದು ಜಗತ್ತು ಕಲಿತದ್ದನ್ನು ಬೆಂಗಳೂರು ಮರೆತಿತ್ತು.

ಆದರೂ ಚಕ್ರ ಹೇಗೋ ತಿರುಗುತ್ತಲೇ ಇದೆ. ನಗರದ ಮತ್ತೊಂದು ಬದಿಯ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ಕೊಳಚೆ ನೀರನ್ನು 2018ರ ಜೂನ್‌ನಿಂದ ಕೋಲಾರದ ಕೆರೆಗಳಿಗೆ ಹರಿಸಲಾಗುತ್ತಿದೆ. ಅಲ್ಲಿ ಅಂತರ್ಜಲ ಏರಿದೆ ಎಂಬ ಸಂತೋಷವೂ, ಶುದ್ಧೀಕರಣ ಸಾಲದೆಂಬ ಆತಂಕವೂ ಜೊತೆಜೊತೆಗಿವೆ. ವಿಷಯ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. ದೇಶದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲೊಂದು ಇರುವುದೂ ಅದೇ ಕೋಲಾರದಲ್ಲಿ. ನಾವು ಹರಿಯಬಿಟ್ಟ ನೀರು ಆ ಕೆರೆಗಳಲ್ಲಿ ಇಂಗಿ, ಕೊಳವೆಬಾವಿಯಲ್ಲಿ ಮೇಲೆದ್ದು, ಟೊಮೆಟೊ ಆಗಿ ನಮ್ಮ ಸಾರಿಗೇ ಮರಳುತ್ತದೆ. ಆದ್ದರಿಂದ ನಾವು ಬಚ್ಚಲಿಗೆ ಏನನ್ನು ಸುರಿಯುತ್ತೇವೆ, ಬುಟ್ಟಿಗೆ ಏನನ್ನು ಹಾಕುತ್ತೇವೆ ಎಂಬುದು ನಮ್ಮ ಊಟದ ಪ್ರಶ್ನೆಯೇ ಆಗಿದೆ.

ಮಂಟಪದಲ್ಲಿ ಕೇಳಿದ ನನ್ನ ವಿದ್ಯಾರ್ಥಿಗೆ ಈಗ ಉತ್ತರ ಹೇಳುತ್ತೇನೆ. ಎರಡನೆಯ ಪಾತಿ ಗೆದ್ದಿತು. ಆದರೆ ಪಂದ್ಯವನ್ನು ನಾನು ಸರಿಯಾಗಿ ಹೂಡಿರಲಿಲ್ಲ. ನಾಲ್ಕನೆಯ ಪಾತಿಯೊಂದನ್ನು ಮಾಡಬೇಕಾಗಿತ್ತು: ಮಣ್ಣಿಗೆ ಕಳಿತ ಗೊಬ್ಬರ, ಗಿಡಕ್ಕೆ ಹದವರಿತು, ಕಂತುಗಳಲ್ಲಿ, ಮೂರೂ ಪೋಷಕಗಳು. ಕೃಷಿ ವಿಜ್ಞಾನಿಗಳು ಟೊಮೆಟೊ ಬೆಳೆಗಾರರಿಗೆ ಇಂದು ಹೇಳುವುದೂ ಅದನ್ನೇ. ಸಾರಜನಕ ಎಲ್ಲಿಂದ ಬಂದರೂ ಸಾರಜನಕವೇ ಎಂದು ನಾನಂದದ್ದು ಸುಳ್ಳಲ್ಲ. ಆದರೆ ಸಗಣಿ ಹಳೆಯ ದಾರಿ ಎಂದದ್ದು ತಪ್ಪು. ಅದು ಗಿಡದ ಊಟ ಮಾತ್ರವಲ್ಲ, ಮಣ್ಣಿನ ಊಟ. ಆ ದಿನ ಪಾತಿಯ ಬದಿಯಲ್ಲಿ ನಿಂತಿದ್ದ ಮಾಲಿಯನ್ನು ತರಗತಿಯೊಳಗೆ ಕರೆದು ಕೂರಿಸಿ ಕೇಳಿದ್ದರೆ ನಿಮಗೆಲ್ಲರಿಗೂ ಅಂದೇ ಪೂರ್ತಿ ಪಾಠ ಸಿಗುತ್ತಿತ್ತು. ಅವರು ಈಗಿಲ್ಲ. ಅವರ ಹೊಲವಿದ್ದ ಕಡೆ ಈಗ ಮನೆಗಳೆದ್ದಿವೆ.

ತಾರಸಿಯಲ್ಲಿ ನಾಲ್ಕು ಕುಂಡವಿಟ್ಟವರು ಈ ಸಲ ನಾಲ್ಕನೆಯ ಪಾತಿಯ ಪ್ರಯೋಗವನ್ನು ಮಾಡಿ ನೋಡಿ. ಅಡುಗೆಮನೆಯ ಸಿಪ್ಪೆಗಳನ್ನು ಬೇರೆ ತೆಗೆದಿಟ್ಟು ಕಳಿಯಲು ಬಿಡಿ. ಫಲಿತಾಂಶವನ್ನು ನನಗೆ ತಿಳಿಸಿ. ನಲವತ್ತು ವರ್ಷ ತಡವಾದರೂ ಅಂಕ ಕೊಡುತ್ತೇನೆ.